ತಪಾಸಣೆಯ ದಿನ ಬರಬಾರದ ಮಕ್ಕಳು

ಬರಬೇಡಿ ಎಂದು ಹೇಳಿದ್ದ ನಾಲ್ಕು ಮಕ್ಕಳೂ ಬಂದಿದ್ದವು. ಪ್ರಾರ್ಥನೆಯ ಸಾಲಿನ ಕೊನೆಯಲ್ಲಿ, ನೀರು ಬಾರದ ನಲ್ಲಿಯ ಕಟ್ಟೆಯ ಪಕ್ಕ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಬೇರೆ ದಿನಗಳಿಗಿಂತ ಚೊಕ್ಕಟವಾಗಿ ನಿಂತಿದ್ದವು. ಜಲಜಾ ಪ್ರಾರ್ಥನೆಗೆ ಬಾಯಾಡಿಸುತ್ತಲೇ ಅವನ್ನು ನೋಡಿದಳು. ನೋಡಿದ ಕೂಡಲೇ ಕಣ್ಣು ತಪ್ಪಿಸಿದಳು, ತಾನು ನೋಡದಿದ್ದರೆ ಅವು ಅಲ್ಲಿಲ್ಲ ಎಂಬಂತೆ. ನಿನ್ನೆ ಸಂಜೆ ಗೇಟಿನ ಹತ್ತಿರ ನಿಲ್ಲಿಸಿಕೊಂಡು, ಒಬ್ಬೊಬ್ಬರ ಭುಜದ ಮೇಲೂ ಕೈಯಿಟ್ಟು, ನಾಳೆ ನಿಮಗೆ ರಜೆ ಎಂದು ಹೇಳಿದ್ದಳು. ನಮಗಷ್ಟೇನಾ ಮಿಸ್ ಎಂದು ಭೀಮು ಕೇಳಿದಾಗ, ಹೂಂ, ನಿಮಗಷ್ಟೇ, ಎಂದು ನಕ್ಕಿದ್ದಳು. ಆ ನಗು ಈಗಲೂ ಕೆನ್ನೆಯ ಮೇಲೆ ತೊಳೆಯದೆ ಬಿಟ್ಟ ಸೋಪಿನ ಹಾಗೆ ಬಿಗಿದುಕೊಂಡಿತ್ತು. ಯಾಕೆ ಬಂದವು? ಬಿಸಿಯೂಟದ ಶಮೀಮ್ ನಿನ್ನೆ ಮಧ್ಯಾಹ್ನ ಸೌಟು ಆಡಿಸುತ್ತಾ, ‘ನಾಳೆ ಸಾಹೇಬ್ರು ಬರ್ತಾರೆ, ನಾಳೆ ಸಿಹಿ ಪೊಂಗಲ್ಲು, ಗೋಡಂಬಿ ಹಾಕ್ತೀನಿ ನೋಡ್ರೋ’ ಎಂದು ಎಲ್ಲರಿಗೂ ಕೇಳುವಂತೆ ಸಾರಿದ್ದು ಆಗ ನೆನಪಾಯಿತು. ಗೋಡಂಬಿಯ ಎದುರಿಗೆ ರಜೆ ಯಾವ ಲೆಕ್ಕ.

ಬರುವವರು ಬೈಲಪ್ಪ ಸಾಹೇಬರು, ಬರುವುದು ಮಕ್ಕಳನ್ನು ಓದಿಸಿ ನೋಡಲಿಕ್ಕೆ. ಚೀಲದಿಂದ ಒಂದು ಕಾರ್ಡು ತೆಗೆದು ಮಗುವಿನ ಕೈಗೆ ಕೊಡುತ್ತಾರೆ. ಪಾಠಪುಸ್ತಕದಲ್ಲಿ ಇಲ್ಲದ ನಾಲ್ಕು ಸಾಲು. ಓದಿದರೆ ಒಂದು ಗುರುತು, ಓದದಿದ್ದರೆ ಇನ್ನೊಂದು. ಹೋದ ವರ್ಷ ಓದದ ಗುರುತುಗಳೇ ಹೆಚ್ಚಾಗಿ, ಆಫೀಸಿನ ಗೋಡೆಯ ನಕ್ಷೆಯಲ್ಲಿ ಈ ಶಾಲೆಯ ಮೇಲೆ ಕೆಂಪು ಚುಕ್ಕೆ ಬಿದ್ದಿತ್ತು. ಎರಡನೆಯ ಸಲವೂ ಕೆಂಪು ಬಿದ್ದರೆ ರಿಂಗ್ ರೋಡಿನ ಆಚೆಯ ದೊಡ್ಡ ಶಾಲೆಗೆ ಸೇರಿಸಿಬಿಡುತ್ತಾರೆ ಎಂಬುದು ಯಾವ ಆದೇಶದಲ್ಲೂ ಇರಲಿಲ್ಲ. ಆದರೆ ಮೀಟಿಂಗಿನಲ್ಲಿ ಟೀ ಕುಡಿಯುವಾಗ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಸೇರಿಸಿದರೆ ಮಕ್ಕಳು ದಿನಾ ಆ ರಸ್ತೆ ದಾಟಬೇಕು, ಅರ್ಧಕ್ಕರ್ಧ ಶಾಲೆಯನ್ನೇ ಬಿಟ್ಟುಬಿಡುತ್ತವೆ. ಜಲಜಾ ಹೆಚ್ಚುವರಿ ಟೀಚರ್ ಎನಿಸಿಕೊಂಡು ಆನೇಕಲ್ಲಿನ ಯಾವುದೋ ಹಳ್ಳಿಗೆ ಹೋಗಬೇಕು, ಎರಡು ಬಸ್ಸು ಬದಲಾಯಿಸಿ. ಈ ಎರಡು ಭಯಗಳಲ್ಲಿ ಯಾವುದು ತನಗೆ ಮೊದಲು ಹುಟ್ಟಿತು ಎಂದು ಅವಳು ತನ್ನನ್ನು ಕೇಳಿಕೊಂಡಿರಲಿಲ್ಲ. ಐದು ತರಗತಿಗೆ ಎರಡು ಕೋಣೆ. ಮೂರನೆಯದರ ತಾರಸಿ ಉದುರಿದ ಮೇಲೆ ಅಲ್ಲಿ ಅಕ್ಕಿ ಮೂಟೆಗಳಿದ್ದವು. ಇಬ್ಬರು ಟೀಚರು, ಅವರಲ್ಲಿ ಹೆಡ್‌ಮಾಸ್ಟರ್ ಚಲುವಯ್ಯನವರು ಓಟರ್ ಪಟ್ಟಿ, ಪೋಲಿಯೊ ಹನಿ, ಮೀಟಿಂಗು ಎಂದು ಹೋದ ದಿನ ಐದೂ ತರಗತಿಯ ಮಕ್ಕಳು ಅವಳ ಒಂದೇ ಬೋರ್ಡಿನ ಮುಂದೆ ಕೂರುತ್ತಿದ್ದವು. ಬೋರ್ಡಿನ ಎಡಕ್ಕೆ ಒಂದನೆಯ ತರಗತಿಯ ಅಕ್ಷರ, ಬಲಕ್ಕೆ ಐದನೆಯ ತರಗತಿಯ ಭಿನ್ನರಾಶಿ. ನಡುವಿನವರು ಎರಡನ್ನೂ ನೋಡುತ್ತಾ, ಎರಡೂ ತಮ್ಮದಲ್ಲವೆಂದು ತಿಳಿದು, ಕಿಟಕಿಯ ಕಡೆ ತಿರುಗುತ್ತಿದ್ದರು. ‘ಓದೋಕೆ ಬರದ ಆ ನಾಲ್ಕನ್ನ ನಾಳೆ ತೋರಿಸ್ಬೇಡಿ ಮೇಡಂ,’ ಎಂದಿದ್ದರು ಚಲುವಯ್ಯನವರು, ಕನ್ನಡಕ ಒರೆಸಿಕೊಳ್ಳುತ್ತಾ. ‘ಎಲ್ಲಾ ಸ್ಕೂಲಲ್ಲೂ ಮಾಡೋದೇ ಇದು. ಮದ್ವೆ ಮನೇಲಿ ಹರಿದ ಚಾಪೆ ಒಳಗೆ ಸುತ್ತಿಡಲ್ವಾ, ಹಾಗೆ.’ ಅವರು ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಬೀದಿಯ ತಿರುವಿನಲ್ಲಿ ಕಾರಿನ ಹಾರನ್ ಕೇಳಿತು. ಪ್ರಾರ್ಥನೆಯ ಸಾಲಿನ್ನೂ ಚದುರಿರಲಿಲ್ಲ. ಚಲುವಯ್ಯನವರು ಅವಳ ಕಡೆ ನೋಡಿದರು. ಹಿಂದಿನ ಗೇಟಿನ ಕಡೆ ಗದ್ದ ಒಂದಿಷ್ಟು ಎತ್ತಿದರು. ಅವಳ ಕಾಲುಗಳು ಅವಳನ್ನು ಕೇಳದೆ ನಡೆದವು. ನಾಲ್ಕು ಮಕ್ಕಳನ್ನೂ ಕೋಳಿಮರಿಗಳ ಹಾಗೆ ಮುಂದೆ ಮಾಡಿಕೊಂಡು, ಅಕ್ಕಿಯ ಕೋಣೆಯ ಹಿಂದಿನಿಂದ, ಕಸದ ಗುಂಡಿಯ ಪಕ್ಕದ ಚಿಕ್ಕ ಗೇಟಿಗೆ ಕರೆತಂದಳು. ಗೇಟಿನ ಚಿಲಕ ತುಕ್ಕು ಹಿಡಿದಿತ್ತು. ಎಳೆದಾಗ ಬೆರಳು ತರಚಿತು. ‘ಮುನೇಶ್ವರನ ಗುಡಿ ಕಟ್ಟೆ ಮೇಲೆ ಕೂತ್ಕೊಳ್ಳಿ. ಊಟದ ಗಂಟೆ ಹೊಡೆದ ಮೇಲೆ ಬನ್ನಿ. ಗಲಾಟೆ ಮಾಡ್ಬಾರ್ದು. ಗಂಗಾ, ನೀನು ದೊಡ್ಡವಳು, ಕರ್ಕೊಂಡು ಹೋಗು ಇವರನ್ನ.’ ಗಂಗಾ ಐದನೆಯ ತರಗತಿ. ಎರಡು ವರ್ಷದ ಹಿಂದೆ ಸುರಪುರದ ಕಡೆಯಿಂದ ಬಂದವಳು. ತಾಯಿ ಜಟ್ಟೆಮ್ಮ ದೊಮ್ಮಲೂರಿನ ಆಚೆ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಕೂಲಿ. ಹುಡುಗಿಗೆ ಪಾಠಗಳೆಲ್ಲ ಬಾಯಲ್ಲಿದ್ದವು. ಪುಸ್ತಕ ಹಿಡಿದು ನಿಂತರೆ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ಬೆರಳು ಬೇರೆ ಪುಟದ ಮೇಲೆ ಓಡುತ್ತಿರುತ್ತಿತ್ತು. ಅದು ತಿಳಿದ ದಿನ ಜಲಜಾಗೆ ನಗು ಬಂದಿತ್ತು, ಆಮೇಲೆ ಹೆದರಿಕೆಯಾಗಿತ್ತು. ಇಷ್ಟು ದಿನ ತಾನು ಎಷ್ಟು ಮಕ್ಕಳ ಹತ್ತಿರ ಹೋಗಿ ನೋಡಿಲ್ಲ ಎಂದು. ಸಣ್ಣವರ ಕೈ ಹಿಡಿದು ಗೇಟು ದಾಟಿದ ಗಂಗಾ, ಅವರನ್ನು ಅಲ್ಲಿ ಬಿಟ್ಟು ಮತ್ತೆ ಒಳಗೆ ಕಾಲಿಟ್ಟಳು. ಜಲಜಾ ಅಡ್ಡ ನಿಂತಳು. ಹುಡುಗಿ ಅವಳ ಮುಖ ನೋಡಿ ಮೆಲ್ಲಗೆ ಕೇಳಿದಳು: ‘ನಾನೂ ಹೊರಗೇನ್ರಿ ಅಕ್ಕೋರೆ?’

ಜಲಜಾ ಚಿಲಕ ಹಾಕಿಕೊಂಡಳು.

ಕ್ಲಾಸಿನಲ್ಲಿ ಬೈಲಪ್ಪ ಸಾಹೇಬರು ಅವಳ ಕುರ್ಚಿಯ ಮೇಲೆ ಕೂತಿದ್ದರು. ಸಭ್ಯ ಮನುಷ್ಯ, ಮಕ್ಕಳನ್ನು ಹೆದರಿಸುತ್ತಿರಲಿಲ್ಲ, ‘ಬಾಪ್ಪಾ, ಬಾಮ್ಮಾ’ ಎಂದೇ ಕರೆಯುತ್ತಿದ್ದರು. ಒಬ್ಬೊಬ್ಬರೇ ಎದ್ದು ಬಂದು ಕಾರ್ಡು ಹಿಡಿದು ಓದುತ್ತಿದ್ದರು. ಓದಿದರು. ತಡವರಿಸಿ, ಒತ್ತಕ್ಷರದ ಹತ್ತಿರ ಎಡವಿ, ಎಂಜಲು ನುಂಗಿ, ಓದಿದರು. ಒಂದೊಂದು ಮಗು ಓದಿ ಮುಗಿಸಿದಾಗಲೂ ಅವಳ ಎದೆಯೊಳಗೆ ಒಂದು ಗಂಟು ಸಡಿಲವಾಗಬೇಕಿತ್ತು. ಸಡಿಲವಾಗುವ ಬದಲು ಇನ್ನೊಂದು ಬೀಳುತ್ತಿತ್ತು. ಕಿಟಕಿಯಿಂದ ಗುಡಿಯ ಕಟ್ಟೆ ಕಾಣುತ್ತಿರಲಿಲ್ಲ, ಅಡ್ಡಕ್ಕೆ ಹೊಸ ಅಪಾರ್ಟ್‌ಮೆಂಟಿನ ನೀಲಿ ತಗಡು. ಮಗುವೊಂದು ಓದಲು ನಿಂತು ಬಾಯಿ ಒಣಗಿಸಿಕೊಳ್ಳುವುದನ್ನು ನೋಡುವಾಗ ಅವಳಿಗೆ ಮಗ ಶಿಶಿರ್ ಕಂಡ. ಇಂದಿರಾನಗರದ ಇಂಗ್ಲಿಷ್ ಸ್ಕೂಲಿನಲ್ಲಿ ಪುಟಾಣಿ ಕುರ್ಚಿಯ ಮೇಲೆ ಮೊಣಕಾಲು ಜೋಡಿಸಿಕೊಂಡು ತಾನು ಕೂತದ್ದು, ಎದುರಿಗೆ ಶಿಶಿರನ ಮಿಸ್ ಸರಸರನೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದದ್ದು, ತಾನು ಯಸ್ ಮೇಡಂ, ಯಸ್ ಮೇಡಂ ಎಂದದ್ದು. ಎದ್ದು ಬಂದ ಮೇಲೆ ಗಂಡ ಗುರುರಾಜ್ ಸ್ಕೂಟರಿನ ಹತ್ತಿರ ನಿಂತು, ‘ಏನಂದ್ರು?’ ಎಂದರೆ, ಮಗ ಚೆನ್ನಾಗಿದಾನೆ ಎಂದರೋ ಇನ್ನು ಇಟ್ಟುಕೊಳ್ಳುವುದಿಲ್ಲ ಎಂದರೋ ತನಗೇ ತಿಳಿದಿರಲಿಲ್ಲ. ‘ನೋಡ್ಕೋಬೇಕಂತೆ’ ಎಂದಿದ್ದಳು. ಗೇಟಿನಲ್ಲಿ ಶಿಶಿರನ ಗೆಳೆಯನೊಬ್ಬ, ಆಂಟಿ, ನೀವು ಎಲ್‌ಐಸಿ ಆಫೀಸಲ್ಲಿ ಇರೋದಂತಲ್ವಾ ಎಂದು ಕೇಳಿದ್ದ. ಶಿಶಿರ್ ಬೂಟಿನ ಲೇಸು ಬಿಚ್ಚಿ ಕಟ್ಟುತ್ತಿದ್ದ, ತಲೆಯೆತ್ತಿರಲಿಲ್ಲ. ಅಲ್ಲಪ್ಪ, ಅವರಪ್ಪ ಇರೋದು ಅಲ್ಲಿ, ನಾನು ಟೀಚರ್ ಎನ್ನಬಹುದಿತ್ತು. ಹೂಂ ಎಂದಿದ್ದಳು. ಮಗನಿಗಾಗಿ ಎಂದುಕೊಂಡಿದ್ದಳು. ‘ಇವಳು ಬಹಳ ಚೆನ್ನಾಗಿ ಓದಿದಳು ಟೀಚರ್’ ಎಂದು ಸಾಹೇಬರು ಹೇಳಿದರು. ಯಾರು ಓದಿದ್ದೆಂದು ಅವಳು ನೋಡಿರಲಿಲ್ಲ. ‘ಹೌದು ಸರ್, ಮೊದಲಿಂದ್ಲೂ ಚುರುಕು’ ಎಂದಳು.

ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆಗಳನ್ನು ಬಡಿಯುತ್ತಾ ಜಗುಲಿಗೆ ನುಗ್ಗಿದವು. ಜಲಜಾ ಹಿಂದಿನ ಗೇಟಿಗೆ ಓಡಿ ಚಿಲಕ ತೆಗೆದಳು. ಭೀಮು ನಿಂತಿದ್ದ, ಅವನ ಹಿಂದೆ ಸಣ್ಣವರಿಬ್ಬರು. ಅವರ ಹಿಂದೆ ಬೀದಿ, ಬೀದಿಯ ತುಂಬಾ ಬಿಸಿಲು.

‘ಗಂಗಾ ಎಲ್ಲೋ?’

‘ಹೋದ್ಲು ಮಿಸ್.’

‘ಹೋದ್ಲು ಅಂದ್ರೆ? ಎಲ್ಲಿಗೆ ಹೋದ್ಲು?’

‘ಆ ಕಡೆ.’ ಭೀಮು ರಿಂಗ್ ರೋಡಿನ ಕಡೆ ಕೈ ತೋರಿಸಿದ. ಅವನ ಮೂಗು ಆಗಲೇ ತುಪ್ಪದ ವಾಸನೆಯ ಕಡೆ ತಿರುಗಿತ್ತು. ‘ಕೂತ್ಕೊಂಡಿದ್ಲು, ಆಮೇಲೆ ಎದ್ಲು. ನೀನು ದೊಡ್ಡವನು ಭೀಮು, ಇವರನ್ನ ನೋಡ್ಕೋ ಅಂದ್ಲು. ಹೋಗ್ಬಿಟ್ಲು.’

‘ಯಾವಾಗೋ? ಯಾರ ಜೊತೆ?’

‘ಆವಾಗ್ಲೇ. ಯಾರೂ ಇರ್ಲಿಲ್ಲ ಮಿಸ್. ಮಿಸ್, ಗೋಡಂಬಿ ಖಾಲಿಯಾಗ್ಬಿಡುತ್ತೆ.’

ಆವಾಗಲೇ. ಅಂದರೆ ತಾನು ಕಾರ್ಡು ಓದುವುದನ್ನು ಕೇಳುತ್ತಾ ನಿಂತಿದ್ದ ಅಷ್ಟು ಹೊತ್ತೂ. ಹನ್ನೊಂದು ವರ್ಷದ ಹುಡುಗಿ. ರಿಂಗ್ ರೋಡಿನಲ್ಲಿ ಲಾರಿಗಳು ನಿಲ್ಲುವುದಿಲ್ಲ. ಮಿಲಿಟರಿ ಜಾಗದ ಕಾಂಪೌಂಡಿನ ಪಕ್ಕದ ದೊಡ್ಡ ಮೋರಿಗೆ ತಡೆಗೋಡೆಯಿಲ್ಲ. ಪಾಯ ತೋಡಿ ಬಿಟ್ಟ ಗುಂಡಿಗಳಲ್ಲಿ ಮಳೆಯ ನೀರು ನಿಂತಿದೆ. ಹೋದ ತಿಂಗಳು ಪೇಪರಿನಲ್ಲಿ ಬಂದಿದ್ದ ಯಾವುದೋ ಊರಿನ ಯಾವುದೋ ಹುಡುಗಿಯ ಸುದ್ದಿ, ಗುರುರಾಜ್ ಗಟ್ಟಿಯಾಗಿ ಓದುತ್ತಿದ್ದಾಗ ಸಾಕು ನಿಲ್ಲಿಸಿ ಎಂದು ಗದರಿದ್ದ ಸುದ್ದಿ, ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಈಗ ತಾನೇ ಓದಿಕೊಳ್ಳತೊಡಗಿತು.

ಆದರೆ ಅವಳು ಹೊರಟದ್ದು ಬೀದಿಗಲ್ಲ, ಜಗುಲಿಗೆ. ಬೈಲಪ್ಪ ಸಾಹೇಬರು ಮಕ್ಕಳ ಜೊತೆಗೇ ಊಟ ಮಾಡುತ್ತೇನೆಂದು ಕೂತಿದ್ದರು, ಎಲೆ ಹಾಕಿತ್ತು, ಅವಳಿಗೂ ಪಕ್ಕದಲ್ಲಿ ಒಂದು ಎಲೆ. ಕೂತಳು. ಶಮೀಮ್ ಬಗ್ಗಿ ಬಡಿಸುತ್ತಾ ಅವಳ ಕಿವಿಯ ಹತ್ತಿರ, ‘ಏನಾಯ್ತು ಮೇಡಮ್ಮಾ, ಮುಖ ಯಾಕೆ ಹೀಗ್ ಮಾಡ್ಕೊಂಡಿದೀರಾ, ಸಿಹಿ ಜಾಸ್ತಿನಾ?’ ಎಂದಳು. ಜಲಜಾ ಪೊಂಗಲ್ಲನ್ನು ಎಲೆಯ ಒಂದು ಬದಿಗೆ ಸರಿಸಿದಳು. ಸಾಹೇಬರು ಪ್ರಸನ್ನರಾಗಿದ್ದರು.

‘ಹೋದ ವರ್ಷಕ್ಕೆ ಹೋಲಿಸಿದ್ರೆ ಎಷ್ಟು ವ್ಯತ್ಯಾಸ ಚಲುವಯ್ಯನೋರೆ! ಏನ್ ಮಂತ್ರ ಹಾಕಿದ್ರಿ?’

‘ಎಲ್ಲಾ ಮೇಡಂದು ಸರ್,’ ಎಂದರು ಚಲುವಯ್ಯನವರು.

‘ನಿಜ ಹೇಳ್ಬೇಕು ಅಂದ್ರೆ ನಿಮ್ಮ ಬಗ್ಗೆ ಯೋಚ್ನೆ ಇತ್ತು ನಂಗೆ. ಈ ಸಲ ಓದು ಹಿಂದಿರೋ ಮಕ್ಕಳಿಗೆ ಅಂತ್ಲೇ ಒಬ್ಬೊಬ್ಬ ಟೀಚರ್ ಕೊಡ್ತಾ ಇದೀವಿ. ಸಾಯಂಕಾಲ ಕೂರಿಸ್ಕೊಂಡು ಅಕ್ಷರ ಕಲಿಸೋಕೆ. ನಮ್ಮ ಕಡೆ ಸಿಕ್ಕಿರೋದು ಒಂದೇ ಹುದ್ದೆ. ನಿಮಗೇ ಕೊಡೋಣ ಅಂತ ಬಂದಿದ್ದೆ. ಬೇಕಾಗೇ ಇಲ್ಲ ಬಿಡಿ! ಕೆ.ಆರ್. ಪುರದ ಕಡೆ ಬಹಳ ಕೇಳ್ತಾ ಇದಾರೆ, ಅಲ್ಲಿಗೆ ಹಾಕ್ತೀನಿ.’

ಚಲುವಯ್ಯನವರ ಕೈ ಎಲೆಯ ಮೇಲೆ ನಿಂತಿತು. ಆಮೇಲೆ ಅನ್ನ ಕಲಸಿತು. ಜಲಜಾ ಬಾಯಿ ತೆರೆದಳು. ಸರ್, ಇನ್ನೂ ನಾಲ್ಕು ಮಕ್ಕಳಿದ್ದಾರೆ, ಅಷ್ಟೇ ಹೇಳಬೇಕಾದದ್ದು. ಮೂವರು ಅಗೋ ಆ ಕೊನೆಯಲ್ಲಿ ಬೆರಳು ನೆಕ್ಕುತ್ತಿದ್ದಾರೆ, ಒಬ್ಬಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ, ನಾನೇ ಹೊರಗೆ ಹಾಕಿದೆ. ಮಾತು ನಾಲಿಗೆಯ ಹಿಂದಕ್ಕೆ ಬಂದು ನಿಂತಿತು, ಚಿಲಕ ಹಾಕಿದ ಗೇಟಿನ ಹಿಂದೆ ಮಗು ನಿಂತ ಹಾಗೆ. ಸಾಹೇಬರು ಅವಳ ಕಡೆ ತಿರುಗಿದರು. ‘ಏನೋ ಹೇಳೋಕ್ ಬಂದ್ರಲ್ಲ ಟೀಚರ್?’

‘ಇನ್ನೊಂಚೂರು ಪೊಂಗಲ್ ಹಾಕಿಸ್ಲಾ ಸರ್?’ ಎಂದಳು ಜಲಜಾ.

ಕಾರು ಹೊರಟ ಮೇಲೆ ಚಲುವಯ್ಯನವರಿಗೆ ಹೇಳಿದಳು. ಅವರು ಮೊದಲು ಸುತ್ತ ನೋಡಿದರು. ‘ಹಾಜರಿ ಹಾಕಿಲ್ವಲ್ಲ?’ ಎಂದರು. ‘ಇಲ್ಲ ಸರ್.’ ‘ಆಬ್ಸೆಂಟ್ ತಾನೇ? ಹಾಗಾದ್ರೆ…’ ಮುಂದಿನದನ್ನು ಅವರು ಹೇಳಲಿಲ್ಲ, ಹೇಳಲು ನಾಚಿದರು; ತುಟಿ ಒರೆಸಿಕೊಂಡು, ‘ನೀವು ಹೋಗಿ ನೋಡ್ಕೊಂಡು ಬನ್ನಿ ಮೇಡಂ, ಕ್ಲಾಸ್ ನಾನು ನೋಡ್ಕೋತೀನಿ’ ಎಂದರು. ಆದರೆ ಅವರು ಹೇಳದೆ ಬಿಟ್ಟದ್ದನ್ನು ಅವಳು ಆಗಲೇ, ಪೊಂಗಲ್ಲಿನ ಎಲೆಯ ಮುಂದೆಯೇ, ಪೂರ್ತಿ ಮಾಡಿಕೊಂಡಿದ್ದಳು. ಹಾಗಾದರೆ ನಮ್ಮ ಮೇಲೆ ಬರುವುದಿಲ್ಲ. ಇವತ್ತು ಆ ಹುಡುಗಿ ಶಾಲೆಗೆ ಬರಲೇ ಇಲ್ಲ. ಮನೆಯಿಂದ ಹೊರಟವಳು ದಾರಿಯಲ್ಲಿ ಎಲ್ಲೋ. ಈ ಯೋಚನೆ ಎಷ್ಟು ಸಲೀಸಾಗಿ, ಯಾರೋ ಕುರ್ಚಿ ಎಳೆದು ಕೊಟ್ಟ ಹಾಗೆ, ತನಗಾಗಿ ಬಂದು ಕೂತಿತ್ತು ಎಂದು ನೆನೆಯುತ್ತಾ ಅವಳು ಗೇಟು ದಾಟಿದಳು. ಹುಡುಗಿಗೆ ಏನಾಗಿದೆಯೋ ಎಂಬ ಹೆದರಿಕೆಗೂ ತನಗೆ ಏನಾಗುತ್ತದೋ ಎಂಬ ಹೆದರಿಕೆಗೂ ನಡುವೆ ಗೋಡೆಯಿದೆ ಎಂದು ಅವಳು ನಂಬಿಕೊಂಡಿದ್ದಳು. ಬೀದಿಯಲ್ಲಿ ನಡೆಯುತ್ತಾ ನಡೆಯುತ್ತಾ ಅದು ಹಸಿ ಗೋಡೆಯ ಹಾಗೆ ಕುಸಿಯುತ್ತಾ ಹೋಯಿತು.

ಗುಡಿಯ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಪೂಜಾರಿ ಮುನಿಶಾಮಿ ಬಾಗಿಲಿಗೆ ಬೀಗ ಹಾಕುತ್ತಿದ್ದ. ‘ನೋಡ್ದೆ ಮೇಡಂ, ಮೂರು ನಾಲ್ಕು ಮಕ್ಕಳು ಕೂತಿದ್ರು. ಯಾಕಮ್ಮ ಸ್ಕೂಲಿಲ್ವಾ ಅಂದ್ರೆ ಆ ದೊಡ್ ಹುಡ್ಗಿ, ಇದೆ, ನಮಗಿಲ್ಲ ಅಂತು. ಅದೇನ್ ಮಾತೋ!’ ಎಂದು ನಕ್ಕ. ಜಲಜಾಳೂ ನಕ್ಕಳು, ನಗದಿದ್ದರೆ ಅವನಿಗೆ ತಿಳಿದುಬಿಡುತ್ತದೆ ಎಂಬಂತೆ. ಅಲ್ಲಿಂದ ಮೋರಿಯ ಪಕ್ಕ ನಡೆದಳು. ಕಪ್ಪು ನೀರಿನಲ್ಲಿ ಏನೇನೋ ತೇಲುತ್ತಿತ್ತು: ಥರ್ಮಾಕೋಲು, ಹೂವಿನ ಹಾರ, ಒಂದು ನೀಲಿ ಬಟ್ಟೆ. ನೀಲಿ. ಶಾಲೆಯ ಲಂಗದ ನೀಲಿ. ಅವಳು ಕಾಂಪೌಂಡಿಗೆ ಕೈಯೂರಿ ನಿಂತುಬಿಟ್ಟಳು. ಬಟ್ಟೆ ಮೆಲ್ಲಗೆ ತಿರುಗಿತು, ಸಿಮೆಂಟು ಚೀಲವಾಯಿತು. ಆಗ ಅವಳ ಒಳಗಿಂದ ಹೊರಟ ಉಸಿರು ಎಷ್ಟು ದೊಡ್ಡದಾಗಿತ್ತೆಂದರೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಸೊಪ್ಪಿನವನು ತಿರುಗಿ ನೋಡಿದ. ರಿಂಗ್ ರೋಡಿನಲ್ಲಿ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಎದುರಿಗೆ ಡಿವೈಡರಿನ ಹತ್ತಿರ ಜನ ಗುಂಪುಗೂಡಿದ್ದರು. ಯಾರೋ ಬಗ್ಗಿದ್ದರು, ಯಾರೋ ನೀರು ನೀರು ಎನ್ನುತ್ತಿದ್ದರು. ಅವಳು ಹೋಗಲಿಲ್ಲ. ನಿಂತಲ್ಲೇ, ದಾಟದೆ, ದೇವರ ಹೆಸರನ್ನೂ ನೆನೆಯಲಾರದೆ, ಗಂಗಾ ಬೆಳಿಗ್ಗೆ ಕೇಳಿದ ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಂಡಳು. ಗುಂಪು ಸಡಿಲಾಯಿತು, ಬೈಕಿನವನೊಬ್ಬ ಮೊಣಕೈ ಹಿಡಿದುಕೊಂಡು ಎದ್ದು ಕೂತ. ತಾನು ಹತ್ತಿರ ಹೋಗಿ ನೋಡಲಿಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯಿತು. ದೂರದಲ್ಲೇ ನಿಂತು, ಯಾರಾದರೂ ಬಂದು ಹೇಳಲಿ ಎಂದು ಕಾದಿದ್ದಳು.

ಇನ್ನು ಉಳಿದದ್ದು ಜಟ್ಟೆಮ್ಮನ ಹತ್ತಿರ ಹೋಗುವುದೊಂದೇ. ಹೋಗಬೇಕು. ಹೋಗಿ ಏನೆನ್ನಬೇಕು? ನಿಮ್ಮ ಮಗಳು ಕಾಣಿಸುತ್ತಿಲ್ಲ. ಯಾವಾಗಿನಿಂದ? ಬೆಳಿಗ್ಗೆಯಿಂದ. ಸಾಲಿಗೆ ಬಂದಿದ್ಲಲ್ರಿ? ಬಂದಿದ್ದಳು, ನಾನೇ. ನಾನೇ ಎಂಬಲ್ಲಿಗೆ ಬಂದು ವಾಕ್ಯ ಪ್ರತಿ ಸಲವೂ ಮುರಿಯಿತು. ಜಟ್ಟೆಮ್ಮನನ್ನು ಅವಳು ಒಮ್ಮೆ ನೋಡಿದ್ದಳು, ಸೇರಿಸಲು ಬಂದ ದಿನ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕುರ್ಚಿಯಿದ್ದರೂ ನೆಲದ ಮೇಲೆ ಕೂತು, ‘ನಾ ಅಂತೂ ಕಲೀಲಿಲ್ಲ, ಇಕಿಗರೆ ನಾಕ್ ಅಕ್ಷರ ಹಾಕ್ರಿ ಅಕ್ಕೋರೆ, ಹೊಡದ್ರೂ ನಾ ಕೇಳಂಗಿಲ್ಲ’ ಎಂದಿದ್ದಳು. ಆ ಹೆಂಗಸು ಎದೆ ಬಡಿದುಕೊಳ್ಳುವುದನ್ನು, ಮೇಸ್ತ್ರಿಗಳು ಕೂಲಿಗಳೆಲ್ಲ ಕೆಲಸ ಬಿಟ್ಟು ಸುತ್ತ ಬಂದು ನಿಲ್ಲುವುದನ್ನು, ಯಾರೋ ಒಬ್ಬ ಟೀಚರಮ್ಮನ್ನ ಹಿಡ್ಕೊಳ್ರೋ ಎನ್ನುವುದನ್ನು ಜಲಜಾ ಸ್ಪಷ್ಟವಾಗಿ ಕಂಡಳು. ಶಿಶಿರ್ ಸ್ಕೂಲಿನಿಂದ ಬರುವ ಹೊತ್ತಾಯಿತು, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿಲ್ಲ ಎಂದು ನೆನಪಾಯಿತು. ಇಂಥ ಹೊತ್ತಿನಲ್ಲೂ ಅದು ನೆನಪಾಯಿತಲ್ಲ ಎಂದು ಹೇಸಿಗೆಯಾಯಿತು. ಆದರೂ ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತಿರುತ್ತಾನೆ ಎಂದು ಗಡಿಯಾರ ನೋಡಿಕೊಂಡಳು.

ಕಟ್ಟಡ ನಾಲ್ಕನೆಯ ಮಹಡಿಗೆ ಏರಿತ್ತು. ಗೋಡೆಗಳಿಲ್ಲದ ಮಹಡಿಗಳಿಗೆ ಬೊಂಬಿನ ಕಂಬಗಳು ಊರುಗೋಲು ಕೊಟ್ಟಿದ್ದವು. ಕೆಳಗೆ ಜಲ್ಲಿಯ ಗುಡ್ಡೆಯ ಪಕ್ಕ ಜಟ್ಟೆಮ್ಮ ಸನಿಕೆಯಿಂದ ಸಿಮೆಂಟು ಮರಳಿನ ಮಾಲು ಕಲಸುತ್ತಿದ್ದಳು. ಟೀಚರನ್ನು ನೋಡಿ ಸನಿಕೆ ಬಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ನಗುತ್ತಾ ಬಂದಳು. ‘ಅಯ್ಯ, ಅಕ್ಕೋರು! ಬರ್ರಿ, ಬರ್ರಿ. ಇಲ್ಲಿ ತನಾ ಬಂದೀರಿ? ಯಾಕ್ರಿ, ಕುಂದರ್ರಿ, ಈ ಕಲ್ಲಿನ ಮ್ಯಾಲ ಕುಂದರ್ರಿ.’ ಅವಳಿಗೆ ಏನೂ ಗೊತ್ತಿಲ್ಲ. ಆ ನಗುವನ್ನು ತಾನು ಈಗ ತನ್ನ ಕೈಯಾರೆ ಅಳಿಸಬೇಕು. ಜಲಜಾಳ ಕಿವಿಯಲ್ಲಿ ಕಾಂಕ್ರೀಟು ಮಿಷನ್ನು ತಿರುಗಿತು, ಅಥವಾ ಅದು ಕಿವಿಯೊಳಗೇ ತಿರುಗುತ್ತಿತ್ತು. ಅವಳು ಬಾಯಿ ತೆರೆದಳು. ತೆರೆದ ಬಾಯಿಂದ, ನಾಚಿಕೆಯಿಲ್ಲದೆ, ತಡವರಿಸದೆ, ಚೆನ್ನಾಗಿ ಓದುವ ಮಗು ಕಾರ್ಡು ಓದಿದ ಹಾಗೆ ಮಾತು ಬಂತು:

‘ಇವತ್ತು ಗಂಗಾ ಸ್ಕೂಲಿಗೇ ಬರ್ಲಿಲ್ವಲ್ಲಮ್ಮ. ಹುಷಾರಿಲ್ವೇನೋ, ನೋಡ್ಕೊಂಡು ಹೋಗೋಣ ಅಂತ ಬಂದೆ.’

ಜಟ್ಟೆಮ್ಮನ ನಗು ಅಳಿಯಲಿಲ್ಲ, ಗೊಂದಲವಾಯಿತು. ಅವಳು ಜಲಜಾಳ ಹಿಂದಕ್ಕೆ ನೋಡಿದಳು. ಜಲಜಾ ತಿರುಗಿದಳು. ಮರಳಿನ ರಾಶಿಯ ಪಕ್ಕ, ಕೂಗಿದರೆ ಅಲ್ಲ, ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರದಲ್ಲಿ, ಗಂಗಾ ನಿಂತಿದ್ದಳು. ಶಾಲೆಯ ನೀಲಿ ಲಂಗದ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟಿದ್ದಳು, ತಲೆಯ ಮೇಲೆ ಬಟ್ಟೆ ಸುತ್ತಿ ಮಾಡಿದ ಸಿಂಬೆ.

ಬದುಕಿದ್ದಾಳೆ. ಮೊದಲು ಬಂದದ್ದು ಅದೇ. ಜಲಜಾ ಆ ಕಲ್ಲಿನ ಮೇಲೆ ನಿಜವಾಗಿಯೂ ಕೂತುಬಿಟ್ಟಳು. ಆಮೇಲೆ ಎರಡನೆಯದು ಬಂತು: ಕೇಳಿಸಿಕೊಂಡಿದ್ದಾಳೆ.

‘ಅಲ್ರಿ ಅಕ್ಕೋರೆ,’ ಎಂದಳು ಜಟ್ಟೆಮ್ಮ, ‘ಇಕಿ ಹೋಗಿದ್ಲಲ್ಲ? ಅಕ್ಕೋರೇ ಹೊಳ್ಳಿ ಕಳಿಸ್ಯಾರ, ಇವತ್ತು ನಂಗ ಸಾಲಿ ಇಲ್ಲ ಅಂತ ಹೇಳಿದ್ಲು. ನಾ ಖರೇ ಅಂತ ತಿಳ್ಕೊಂಡೆ.’ ಮಗಳ ಕಡೆ ತಿರುಗಿದಳು. ದನಿ ಬದಲಾಯಿತು. ‘ಏನಲೇ? ಅಕ್ಕೋರು ಇಲ್ಲೇ ನಿಂತಾರಲ್ಲ, ಹೇಳು ಈಗ! ಹೋಗಿದ್ದೇನು ಸಾಲಿಗಿ?’

ಗಂಗಾ ಜಲಜಾಳನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಪಾಠ ಒಪ್ಪಿಸುವಾಗ ಮುಂದಿನ ಪದಕ್ಕಾಗಿ ಟೀಚರಿನ ತುಟಿ ನೋಡುವ ಮಗುವಿನ ನೋಟ ಅದು. ಹೌದಮ್ಮ, ಬಂದಿದ್ದಳು, ನಾನೇ ಕಳಿಸಿದೆ, ತಪ್ಪಾಯಿತು. ಜಲಜಾಳ ತುಟಿ ಅಲುಗಿತೋ ಇಲ್ಲವೋ. ಮೇಲಿನಿಂದ ಗಾರೆಯವನು ‘ಮಾಲು!’ ಎಂದು ಕೂಗಿದ. ಜಟ್ಟೆಮ್ಮ ‘ತರ್ತೀನಿ, ತಡಿಯಣ್ಣ!’ ಎಂದು ತಿರುಗಿ ಕೂಗಿದಳು. ಆ ಎರಡು ಕೂಗುಗಳ ನಡುವಿನ ಸಂದಿನಲ್ಲಿ ಗಂಗಾ ಕಣ್ಣು ಕೆಳಗಿಳಿಸಿದಳು.

‘ಇಲ್ಲವ್ವಾ. ಹೋಗಿದ್ದಿಲ್ಲ.’

ಜಟ್ಟೆಮ್ಮ ಹೊಡೆಯಲಿಲ್ಲ. ಹೊಡೆಯಬಹುದೆಂದು ಜಲಜಾ ಕಾದಿದ್ದಳು. ಹೊಡೆದಿದ್ದರೆ ನಡುವೆ ಬಂದು ತಡೆಯಬಹುದಿತ್ತು, ಅಷ್ಟಾದರೂ ಮಾಡಬಹುದಿತ್ತು. ಜಟ್ಟೆಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸನಿಕೆ ಎತ್ತಿಕೊಂಡಳು. ‘ಸುಳ್ಳ ಬ್ಯಾರೆ ಕಲ್ತಿ. ಸಾಲಿ ತಪ್ಪಿಸಾಕಿಗಿ ಸಾಲಿ ಯಾಕ? ಮೇಸ್ತ್ರಿ ಹ್ಯಾಂಗೂ ಕೇಳಾಕತ್ಯಾನ, ಸಣ್ಣಾಕಿನ್ನ ಕೆಲಸಕ್ಕ ಹಚ್ಚು ಅಂತ. ನಾನೇ ಬ್ಯಾಡ ಓದ್ಲಿ, ಓದ್ಲಿ ಅಂತ ತಡದಿದ್ದೆ.’ ಜಲಜಾಳ ಕಡೆ ತಿರುಗಿದಾಗ ಮತ್ತೆ ದನಿ ಮೆತ್ತಗಾಯಿತು, ಕಣ್ಣು ತುಂಬಿತ್ತು. ‘ನೀವು ಬಿಸಲಾಗ ಇಷ್ಟು ದೂರ ನಡಕೋತ ಬಂದು ಹೇಳಿದ್ರಲ್ಲ ಅಕ್ಕೋರೆ, ನಿಮ್ಮಂಥಾರು ಯಾರು ಮಾಡ್ತಾರ್ರಿ? ಇಲ್ಲಾಂದ್ರ ನಂಗ ಗೊತ್ತೇ ಆಗ್ತಿದ್ದಿಲ್ಲ.’

‘ನಾಳೆ ಕಳಿಸಿಯಮ್ಮ,’ ಎಂದಳು ಜಲಜಾ. ‘ಒಂದಿನ ತಪ್ಪಿಸಿದ್ಲು ಅಂತ ಬಿಡಿಸ್ಬೇಡಿ. ಕಳಿಸಿ. ನಾನು ನೋಡ್ಕೋತೀನಿ.’

‘ಓದು ಬರ್ತದೇನ್ರಿ ಇಕಿಗಿ? ಖರೇ ಹೇಳ್ರಿ. ಈಗಾದ್ರೂ ನಂಗ ಯಾರಾದ್ರೂ ಖರೇ ಹೇಳ್ಬೇಕು.’

ಬರುತ್ತದೆ ಎಂದರೆ ಸುಳ್ಳು. ಬರುವುದಿಲ್ಲ ಎಂದರೆ ಎರಡು ವರ್ಷ ನೀವೇನು ಮಾಡಿದಿರಿ ಎಂದು ಯಾರೂ ಕೇಳಲಿಕ್ಕಿಲ್ಲ, ಈ ಹೆಂಗಸಂತೂ ಕೇಳುವುದಿಲ್ಲ. ಜಲಜಾ ಕಲ್ಲಿನ ಮೇಲೆ ಕೂತು, ತರಚಿದ ಬೆರಳನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದಳು. ಉತ್ತರಕ್ಕಾಗಿ ಕಾದ ಜಟ್ಟೆಮ್ಮ, ಕಾದದ್ದೇ ತಪ್ಪೆಂಬಂತೆ ತಾನೇ ನಾಚಿಕೊಂಡು, ‘ಇರ್ಲಿ ಬಿಡ್ರಿ. ಚಾ ಕುಡೀರಿ, ತರ್ತೀನಿ’ ಎಂದು, ಬೇಡವೆನ್ನುವಷ್ಟರಲ್ಲಿ ಗೇಟಿನ ಪೆಟ್ಟಿಗೆಯಂಗಡಿಯ ಕಡೆ ನಡೆದಳು.

‘ಮಾಲೂ!’ ಮೇಲಿನಿಂದ ಮತ್ತೆ ಕೂಗು. ಈ ಸಲ ಜೊತೆಗೊಂದು ಬೈಗುಳ.

ಗಂಗಾ ಓಡಿಬಂದು ಕಲಸಿದ ಮಾಲನ್ನು ಬಾಂಡ್ಲಿಗೆ ತುಂಬಿದಳು. ಎರಡೂ ಕೈಯಲ್ಲಿ ಹಿಡಿದು ಎತ್ತಲು ನೋಡಿದಳು. ಮೊಣಕಾಲಿನವರೆಗೆ ಬಂತು, ಮತ್ತೆ ಇಳಿಸಿದಳು. ತುಂಬಿದ ಬಾಂಡ್ಲಿಯನ್ನು ಹೊರುವವಳೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ, ಇನ್ನೊಬ್ಬರು ಎತ್ತಿ ಕೊಡಬೇಕು. ಅವಳು ಸುತ್ತ ನೋಡಿದಳು. ತಾಯಿ ಅಂಗಡಿಯ ಹತ್ತಿರ ನಿಂತಿದ್ದಳು, ಬೇರೆ ಹೆಂಗಸರು ಏಣಿಯ ಮೇಲಿದ್ದರು. ಕೊನೆಗೆ ಅವಳ ಕಣ್ಣು ಕಲ್ಲಿನ ಹತ್ತಿರಕ್ಕೆ ಬಂತು.

‘ಒಂದೀಟು ಎತ್ತಿ ಕೊಡ್ರಿ ಅಕ್ಕೋರೆ.’

ಜಲಜಾ ಎದ್ದಳು. ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿದಳು. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಕಬ್ಬಿಣದ ಅಂಚು ಅಂಗೈಯನ್ನು ಕೊರೆಯಿತು, ಸಿಮೆಂಟಿನ ನೀರು ಮುಂಗೈಯಿಂದ ಇಳಿದು ಬಳೆಗಳನ್ನು ತೋಯಿಸಿತು. ಇಬ್ಬರೂ ಸೇರಿ ಎತ್ತಿದರು. ಗಂಗಾ ಬಾಂಡ್ಲಿಯ ಕೆಳಕ್ಕೆ ತಲೆ ತಂದಳು, ಕುತ್ತಿಗೆ ನೆಟ್ಟಗೆ ಮಾಡಿದಳು, ಸಿಂಬೆಯ ಮೇಲೆ ತಳ ಸರಿಯಾಗಿ ಕೂತಿದೆಯೋ ಎಂದು ಕಣ್ಣು ಮುಚ್ಚಿ ನೋಡಿಕೊಂಡಳು. ಅವಳ ಮೂಗಿನ ಮೇಲೆ ಬೂದಿಬಣ್ಣದ ಒಂದು ಹನಿ ಬಿತ್ತು.

‘ಬಿಡ್ರಿ,’ ಎಂದಳು.

ಜಲಜಾ ಬಿಡಲಿಲ್ಲ.

‘ಬಿಡ್ರಿ ಅಕ್ಕೋರೆ. ಕುಂತದ.’

ಬಿಟ್ಟಳು.